ಪುಸ್ತಕ ಒಂದು, ಫೈಲ್ ಹತ್ತಾರು: ಲೇಟೆಕ್ ಪ್ರಾಜೆಕ್ಟ್ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ದಾವಣಗೆರೆಯಲ್ಲಿ ಥೀಸಿಸ್ ಸಲ್ಲಿಸುವ ಕಾಲ ಹತ್ತಿರ ಬಂತೆಂದರೆ ಪೆನ್‌ಡ್ರೈವ್ ಹಿಡಿದು ಬರುವವರ ದೂರು ಬಹುತೇಕ ಒಂದೇ. "ಸರ್, ನಿನ್ನೆ ಪಿಡಿಎಫ್ ಬರ್ತಿತ್ತು. ನಾನೇನೂ ಮುಟ್ಟಿಲ್ಲ. ಇವತ್ತು ನೋಡಿದ್ರೆ ಎಲ್ಲಾ ಕೆಂಪು." ಮುಟ್ಟಿಲ್ಲ ಅನ್ನುವುದು ಎಷ್ಟೋ ಸಲ ನಿಜವೇ. ಕೆಂಪು ಕಾಣುತ್ತಿರುವ ಫೈಲನ್ನು ಅವರು ನಿಜವಾಗಿಯೂ ಮುಟ್ಟಿರುವುದಿಲ್ಲ. ತಪ್ಪು ಇರುವುದು ಬೇರೆ ಫೈಲ್‌ನಲ್ಲಿ.

ಲೇಟೆಕ್ ಎಂದರೆ ಕಮಾಂಡ್ ಸೇರಿಸಿ ಬರೆದ ಪಠ್ಯದಿಂದ ಪಿಡಿಎಫ್ ಮಾಡಿಕೊಡುವ ತಂತ್ರಾಂಶ. ಹಾಗೆ ಮಾಡಿಸುವುದೇ ಕಂಪೈಲ್. ಇಡೀ ಪುಸ್ತಕ ಒಂದೇ ಫೈಲ್‌ನಲ್ಲಿದ್ದರೆ ಎಡಿಟರ್ ತೋರಿಸಿದ ಸಾಲಿಗೆ ಹೋದರೆ ಸಾಕು, ಅಲ್ಲೇ ಅಕ್ಕಪಕ್ಕದಲ್ಲಿ ತಪ್ಪು ಸಿಗುತ್ತದೆ. ಅಧ್ಯಾಯಕ್ಕೊಂದು ಫೈಲ್ ಮಾಡಿದ ಮೇಲೆ ಆ ನಂಬಿಕೆ ಬಿಡಬೇಕು. ಎಡಿಟರ್‌ನ ಕೆಂಪು ಪಟ್ಟಿ ಬರೀ ಒಂದು ಊಹೆ. ನಡೆದದ್ದು ಏನು ಅನ್ನುವುದು ಲೇಟೆಕ್ ಓಡುವಾಗ ತಾನೇ ಬರೆದಿಡುವ ಲಾಗ್ ಫೈಲ್‌ನಲ್ಲಿರುತ್ತದೆ.

ಮಾತಿಗೆ ಒಂದು ಪುಸ್ತಕ ಇಟ್ಟುಕೊಳ್ಳೋಣ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕೆರೆಗಳ ಬಗ್ಗೆ, ನಾಲ್ಕೈದು ಜನ ಹಂಚಿಕೊಂಡು ಬರೆಯುತ್ತಿರುವ ಪುಸ್ತಕ. ಹೊರಗಿನ ಫೋಲ್ಡರ್‌ನಲ್ಲಿ, ಅಧ್ಯಾಯಗಳನ್ನೆಲ್ಲಾ ಕರೆದು ಸೇರಿಸುವ 'ಮೇನ್' ಎಂಬ ಫೈಲ್. ಅದರ ಪಕ್ಕ 'ಅಧ್ಯಾಯ' ಎಂಬ ಫೋಲ್ಡರ್. ಅದರಲ್ಲಿ ಸೂಳೆಕೆರೆಗೆ ಒಂದು ಫೈಲ್, ಕೊಂಡಜ್ಜಿಗೆ ಒಂದು, ವಾಣಿವಿಲಾಸ ಸಾಗರಕ್ಕೆ ಒಂದು, ದುರ್ಗದ ಕೋಟೆಯೊಳಗಿನ ಹೊಂಡಗಳಿಗೆ ಒಂದು. ಇನ್ನೊಂದು 'ಚಿತ್ರ' ಫೋಲ್ಡರ್‌ನಲ್ಲಿ ಫೋಟೋ, ನಕ್ಷೆ. ಇಲ್ಲಿ ಕಮಾಂಡ್‌ಗಳ ಹೆಸರನ್ನೂ ಫೈಲ್‌ಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ, ಕಮಾಂಡ್‌ಗೆ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ.

ಮೊದಲು ಕೇಳಬೇಕಾದ್ದು: ಕಂಪೈಲ್ ಆಗುತ್ತಿರುವುದು ಯಾವ ಫೈಲ್?

ಸೂಳೆಕೆರೆ ಅಧ್ಯಾಯ ತೆರೆದು, ಒಂದು ಪದ ತಿದ್ದಿ, ಕಂಪೈಲ್ ಬಟನ್ ಒತ್ತುತ್ತೀರಿ. 'ಅನ್‌ಡಿಫೈನ್ಡ್ ಕಂಟ್ರೋಲ್ ಸೀಕ್ವೆನ್ಸ್' ಅಂತ ಮೊದಲ ಸಾಲಿನಲ್ಲೇ ಬರುತ್ತದೆ. ಅದರ ಹಿಂದೆಯೇ 'ಮಿಸ್ಸಿಂಗ್ ಬಿಗಿನ್ ಡಾಕ್ಯುಮೆಂಟ್'. ಈ ಎರಡು ಜೊತೆಯಾಗಿ ಬಂದರೆ ಅಧ್ಯಾಯದಲ್ಲಿ ತಪ್ಪು ಹುಡುಕುತ್ತಾ ಕೂರಬೇಡಿ. ಎಡಿಟರ್ ಮೇನ್ ಫೈಲನ್ನು ಬಿಟ್ಟು, ಅಧ್ಯಾಯವೊಂದನ್ನೇ ಲೇಟೆಕ್‌ಗೆ ಕೊಟ್ಟಿದೆ. ಅದಕ್ಕೆ ಡಾಕ್ಯುಮೆಂಟ್ ಕ್ಲಾಸ್ ಗೊತ್ತಿಲ್ಲ, 'ಚಾಪ್ಟರ್' ಎಂದರೇನು ಅಂತಲೂ ಗೊತ್ತಿಲ್ಲ.

ಖಾತ್ರಿ ಮಾಡಿಕೊಳ್ಳುವುದು ಸುಲಭ. 'ಅಧ್ಯಾಯ' ಫೋಲ್ಡರ್ ತೆರೆದು ನೋಡಿ. ಅಲ್ಲಿ ಸೂಳೆಕೆರೆ ಹೆಸರಿನ ಲಾಗ್ ಫೈಲ್ ಹುಟ್ಟಿಕೊಂಡಿದೆಯೇ? ಇದ್ದರೆ ಎಡಿಟರ್ ಅದನ್ನು ಒಂಟಿಯಾಗಿ ಓಡಿಸಿದೆ. ಲಾಗ್‌ನ ಮೊದಲ ಕೆಲವು ಸಾಲುಗಳಲ್ಲಿ ಎರಡು ನಕ್ಷತ್ರ ಹಾಕಿ ಒಂದು ಹೆಸರು ಇರುತ್ತದೆ. ಲೇಟೆಕ್‌ಗೆ ಸಿಕ್ಕಿದ ಮೊದಲ ಫೈಲ್ ಅದೇ. ಆ ಜಾಗದಲ್ಲಿ 'ಮೇನ್' ಇರಬೇಕು.

ಸರಿ ಮಾಡುವ ವಿಧಾನ ಎಡಿಟರ್‌ಗೆ ತಕ್ಕಂತೆ. ಹೆಚ್ಚಿನ ಎಡಿಟರ್‌ಗಳಲ್ಲಿ ಅಧ್ಯಾಯ ಫೈಲ್‌ನ ಮೊದಲ ಸಾಲಿನಲ್ಲಿ ಒಂದು ಕಾಮೆಂಟ್ ಬರೆದರೆ ಸಾಕು: ಪರ್ಸೆಂಟ್ ಗುರುತು, ಸ್ಪೇಸ್, ಬೆರಗಿನ ಗುರುತು, ಅದಕ್ಕೆ ಅಂಟಿಕೊಂಡೇ ದೊಡ್ಡಕ್ಷರದಲ್ಲಿ 'ಟೆಕ್', ಸ್ಪೇಸ್, 'ರೂಟ್', ಸಮ ಗುರುತು, ಕೊನೆಗೆ ಮೇನ್ ಫೈಲ್‌ಗೆ ಹೋಗುವ ದಾರಿ. ಆ ದಾರಿಯನ್ನು ಅಧ್ಯಾಯ ಇರುವ ಜಾಗದಿಂದ ಲೆಕ್ಕ ಹಾಕಬೇಕು. ಹಾಗಾಗಿ ನಮ್ಮ ಪುಸ್ತಕದಲ್ಲಿ ಎರಡು ಚುಕ್ಕಿ, ಒಂದು ಸ್ಲ್ಯಾಶ್, ಆಮೇಲೆ ಮೇನ್. ಟೆಕ್‌ವರ್ಕ್ಸ್, ಟೆಕ್‌ಸ್ಟುಡಿಯೋ, ವಿಎಸ್ ಕೋಡ್‌ನ ಲೇಟೆಕ್ ವರ್ಕ್‌ಶಾಪ್, ವಿಮ್‌ಟೆಕ್ ಎಲ್ಲವೂ ಇದನ್ನು ಓದುತ್ತವೆ. ಲೇಟೆಕ್‌ಗೆ ಮಾತ್ರ ಇದು ಬರೀ ಕಾಮೆಂಟ್. ಟರ್ಮಿನಲ್‌ನಲ್ಲಿ ಓಡಿಸುವವರಿಗೆ ಇದರಿಂದ ಏನೂ ಉಪಯೋಗವಿಲ್ಲ.

ಟೆಕ್‌ಸ್ಟುಡಿಯೋದಲ್ಲಿ ಆಪ್ಷನ್ಸ್ ಮೆನುವಿನಲ್ಲಿ ರೂಟ್ ಡಾಕ್ಯುಮೆಂಟನ್ನು ಕೈಯಾರೆ ಗೊತ್ತು ಮಾಡಬಹುದು. ಹಿಂದೆ ಯಾರೋ ಗೊತ್ತು ಮಾಡಿ ಮರೆತಿರುವುದೂ ಉಂಟು. ಆಗ ನೀವು ಏನೇ ತೆರೆದರೂ ಹಳೆಯ ಪುಸ್ತಕವೇ ಕಂಪೈಲ್ ಆಗುತ್ತಿರುತ್ತದೆ. ಈಮ್ಯಾಕ್ಸ್‌ನ ಆಕ್‌ಟೆಕ್‌ಗೆ ತನ್ನದೇ ಪದ್ಧತಿ: ಫೈಲ್‌ನ ಕೊನೆಯಲ್ಲಿ 'ಟೆಕ್-ಮಾಸ್ಟರ್' ಎಂಬ ಲೋಕಲ್ ವೇರಿಯಬಲ್. ಕಂಟ್ರೋಲ್-ಸಿ ಒತ್ತಿ ಅಂಡರ್‌ಸ್ಕೋರ್ ಒತ್ತಿದರೆ ಅದೇ ಕೇಳಿ ಬರೆದುಕೊಳ್ಳುತ್ತದೆ. ವಿಮ್‌ಟೆಕ್‌ನಲ್ಲಿ 'ವಿಮ್‌ಟೆಕ್‌ಇನ್ಫೋ' ಕೊಟ್ಟರೆ ಯಾವುದನ್ನು ಮೇನ್ ಅಂದುಕೊಂಡಿದೆ ಅಂತ ಹೇಳುತ್ತದೆ. ಓವರ್‌ಲೀಫ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ 'ಮೇನ್ ಡಾಕ್ಯುಮೆಂಟ್' ನೋಡಿ.

ತಿದ್ದಿದರೂ ಪಿಡಿಎಫ್ ಬದಲಾಗುತ್ತಿಲ್ಲ

ತಪ್ಪು ತೋರಿಸಿದರೆ ಪರವಾಗಿಲ್ಲ, ಏನನ್ನೂ ತೋರಿಸದೆ ಹಳೆಯದನ್ನೇ ಕೊಟ್ಟರೆ ತಲೆ ಕೆಡುತ್ತದೆ. ಆಗ ಅಧ್ಯಾಯದ ನಡುವೆ ಇಲ್ಲದ ಒಂದು ಕಮಾಂಡ್ ಬರೆಯಿರಿ. ಬ್ಯಾಕ್‌ಸ್ಲ್ಯಾಶ್ ಹಾಕಿ ಬಾಯಿಗೆ ಬಂದದ್ದು, ನಾಲ್ಕು ಅಕ್ಷರ. ಸೇವ್ ಮಾಡಿ ಓಡಿಸಿ. ದೋಷ ಬಂತೋ, ಫೈಲ್ ಓದಲ್ಪಡುತ್ತಿದೆ. ಬರಲಿಲ್ಲವೋ, ನೀವು ತಿದ್ದುತ್ತಿರುವ ಫೈಲನ್ನು ಲೇಟೆಕ್ ಮುಟ್ಟುತ್ತಲೇ ಇಲ್ಲ.

ಮುಟ್ಟದಿರಲು ಕಾರಣಗಳು ಸಾಮಾನ್ಯವಾಗಿ ಎರಡು. ಒಂದು, ಪ್ರಾಜೆಕ್ಟ್‌ನ ನಕಲುಗಳು. 'ಫೈನಲ್', 'ಫೈನಲ್ ಹೊಸದು', 'ಗೈಡ್ ಹೇಳಿದ್ದು' ಅಂತ ಡೆಸ್ಕ್‌ಟಾಪ್‌ನಲ್ಲಿ ಮೂರು ಫೋಲ್ಡರ್. ಮೇನ್ ತೆರೆದಿರುವುದು ಒಂದರಿಂದ, ಸೂಳೆಕೆರೆ ತೆರೆದಿರುವುದು ಇನ್ನೊಂದರಿಂದ. ಎಡಿಟರ್‌ನ 'ಇತ್ತೀಚಿನ ಫೈಲ್‌ಗಳು' ಪಟ್ಟಿಯಿಂದ ತೆರೆಯುವವರಿಗೆ ಇದು ಜಾಸ್ತಿ. ಟ್ಯಾಬ್ ಮೇಲೆ ಮೌಸ್ ಇಟ್ಟು ಪೂರ್ತಿ ದಾರಿ ನೋಡಿ.

ಎರಡು, 'ಇನ್‌ಕ್ಲೂಡ್‌ಓನ್ಲಿ'. ಒಂದೇ ಅಧ್ಯಾಯ ಬೇಗ ನೋಡಿಕೊಳ್ಳಲು ಇದನ್ನು ಮೇನ್‌ನಲ್ಲಿ ಹಾಕುತ್ತಾರೆ, ತೆಗೆಯುವುದು ಮರೆಯುತ್ತಾರೆ. ಇದರ ಗುರುತು ವಿಚಿತ್ರ: ಪರಿವಿಡಿಯಲ್ಲಿ ಕೊಂಡಜ್ಜಿ ಅಧ್ಯಾಯ ಇದೆ, ಪುಟ ಸಂಖ್ಯೆಯೂ ಇದೆ, ಒಳಗೆ ಹೋದರೆ ಪುಟಗಳೇ ಇಲ್ಲ. ಬಿಟ್ಟ ಅಧ್ಯಾಯಗಳ ಹಳೆಯ ಆಕ್ಸ್ ಫೈಲ್‌ಗಳನ್ನು (ಪುಟ ಸಂಖ್ಯೆ, ಲೇಬಲ್ ಮುಂತಾದವನ್ನು ಲೇಟೆಕ್ ಬರೆದಿಟ್ಟುಕೊಳ್ಳುವ ಸಹಾಯಕ ಫೈಲ್‌ಗಳು) ಲೇಟೆಕ್ ಓದುತ್ತಲೇ ಇರುತ್ತದೆ, ಅದಕ್ಕೇ ಹೀಗೆ. ಬೈಂಡಿಂಗ್‌ಗೆ ಕೊಡುವ ಮೊದಲು ಪರಿವಿಡಿ ಒಂದನ್ನೇ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ.

ವಿಂಡೋಸ್‌ನವರಿಗೆ ಇನ್ನೊಂದು: ಪಿಡಿಎಫ್ ಅಕ್ರೋಬ್ಯಾಟ್ ರೀಡರ್‌ನಲ್ಲಿ ತೆರೆದೇ ಇದ್ದರೆ ಅದು ಫೈಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಲೇಟೆಕ್ 'ಐ ಕಾಂಟ್ ರೈಟ್ ಆನ್ ಫೈಲ್' ಎಂದು ನಿಲ್ಲುತ್ತದೆ. ಮುಚ್ಚಿ ಓಡಿಸಿ, ಇಲ್ಲವೇ ಸುಮಾತ್ರಾ ಪಿಡಿಎಫ್ ಬಳಸಿ.

ಫೈಲ್ ಇದೆ, ಆದರೂ 'ನಾಟ್ ಫೌಂಡ್'

ಅಧ್ಯಾಯ ಫೈಲ್ 'ಅಧ್ಯಾಯ' ಫೋಲ್ಡರ್‌ನಲ್ಲಿದೆ. ಅಲ್ಲಿಂದ ಒಂದು ಹೆಜ್ಜೆ ಹೊರಗೆ ಬಂದು 'ಚಿತ್ರ' ಫೋಲ್ಡರ್‌ಗೆ ಹೋಗಬೇಕು ಅಂತ ಎರಡು ಚುಕ್ಕಿ ಹಾಕಿ ದಾರಿ ಬರೆಯುತ್ತೀರಿ. ತರ್ಕ ಸರಿ, ಉತ್ತರ ತಪ್ಪು. ಲೇಟೆಕ್ ದಾರಿಯನ್ನು ಲೆಕ್ಕ ಹಾಕುವುದು ಅಧ್ಯಾಯ ಇರುವ ಜಾಗದಿಂದಲ್ಲ, ತನ್ನನ್ನು ಓಡಿಸಿದ ಫೋಲ್ಡರ್‌ನಿಂದ. ಅಂದರೆ ಸಾಮಾನ್ಯವಾಗಿ ಮೇನ್ ಇರುವ ಕಡೆಯಿಂದ. ಒಳಗಿನ ಫೈಲ್‌ನಲ್ಲೂ ಮೇನ್ ಕಣ್ಣಿನಿಂದಲೇ ದಾರಿ ಬರೆಯಿರಿ. ಚಿತ್ರಗಳಿಗೆ ಮೇನ್‌ನಲ್ಲಿ 'ಗ್ರಾಫಿಕ್ಸ್‌ಪಾತ್' ಒಮ್ಮೆ ಕೊಟ್ಟುಬಿಟ್ಟರೆ ಒಳಗೆ ಬರೀ ಹೆಸರು ಸಾಕು.

ಅಧ್ಯಾಯವನ್ನು ಒಂಟಿಯಾಗಿಯೂ, ಪುಸ್ತಕದ ಜೊತೆಗೂ ಓಡಿಸಬೇಕು ಅನ್ನುವವರು 'ಸಬ್‌ಫೈಲ್ಸ್' ಪ್ಯಾಕೇಜ್ ಬಳಸಲಿ. ಪ್ರತಿ ಅಧ್ಯಾಯಕ್ಕೂ ಅದರದ್ದೇ ಚಿತ್ರದ ಫೋಲ್ಡರ್ ಇದ್ದರೆ 'ಇಂಪೋರ್ಟ್' ಪ್ಯಾಕೇಜ್ ವಾಸಿ. ಬರೀ ಮೇಲೆ ಹೇಳಿದ ರೂಟ್ ಕಾಮೆಂಟ್‌ನಿಂದ ಈ ಕೆಲಸ ಆಗುವುದಿಲ್ಲ.

ಇನ್ನು ದೊಡ್ಡಕ್ಷರ, ಸಣ್ಣಕ್ಷರದ ಗೋಳು. ಮೊಬೈಲ್, ಕ್ಯಾಮೆರಾದಿಂದ ಬಂದ ಫೋಟೋಗಳ ಹೆಸರಿನ ಕೊನೆಯಲ್ಲಿ 'ಜೆಪಿಜಿ' ಎಷ್ಟೋ ಸಲ ದೊಡ್ಡಕ್ಷರದಲ್ಲಿರುತ್ತದೆ. ನೀವು ಬರೆಯುವುದು ಸಣ್ಣಕ್ಷರ. ವಿಂಡೋಸ್ ಎರಡನ್ನೂ ಒಂದೇ ಅನ್ನುತ್ತದೆ. ಅದೇ ಪ್ರಾಜೆಕ್ಟನ್ನು ಓವರ್‌ಲೀಫ್‌ಗೆ ಹಾಕಿದರೆ, ಇಲ್ಲವೇ ಲಿನಕ್ಸ್ ಇರುವ ಕಾಲೇಜ್ ಲ್ಯಾಬ್‌ನಲ್ಲಿ ತೆರೆದರೆ ಚಿತ್ರಗಳು ಸಿಗುವುದೇ ಇಲ್ಲ. ಹೆಸರೆಲ್ಲಾ ಸಣ್ಣಕ್ಷರ, ಸ್ಪೇಸ್ ಇಲ್ಲ, ಕನ್ನಡವೂ ಬೇಡ. ಫೈಲ್‌ನ ಹೆಸರು ಓದುಗರಿಗೆ ಕಾಣುವುದಿಲ್ಲವಲ್ಲ, ಅಲ್ಲಿ ಕನ್ನಡ ಪ್ರೇಮ ತೋರಿಸುವುದರಲ್ಲಿ ಅರ್ಥವಿಲ್ಲ.

ಇನ್‌ಪುಟ್ ಬೇರೆ, ಇನ್‌ಕ್ಲೂಡ್ ಬೇರೆ

ಒಂದು ಫೈಲ್‌ನಿಂದ ಇನ್ನೊಂದು ಫೈಲನ್ನು ಕರೆಯುವ ಕಮಾಂಡ್ ಎರಡಿವೆ. 'ಇನ್‌ಪುಟ್' ಅಂದರೆ ಆ ಫೈಲ್‌ನಲ್ಲಿರುವುದನ್ನು ಇಲ್ಲೇ ಸುರಿದಂತೆ. 'ಇನ್‌ಕ್ಲೂಡ್' ಹೊಸ ಪುಟ ಶುರು ಮಾಡುತ್ತದೆ, ಆ ಅಧ್ಯಾಯಕ್ಕೆ ಪ್ರತ್ಯೇಕ ಆಕ್ಸ್ ಫೈಲ್ ಬರೆಯುತ್ತದೆ. ಒಂದು ಇನ್‌ಕ್ಲೂಡ್ ಒಳಗೆ ಇನ್ನೊಂದು ಇನ್‌ಕ್ಲೂಡ್ ನಡೆಯುವುದಿಲ್ಲ. ಅಧ್ಯಾಯದೊಳಗೆ ಕೋಷ್ಟಕ ತರಬೇಕಾದರೆ ಇನ್‌ಪುಟ್ ಬಳಸಿ.

ಆ ಪ್ರತ್ಯೇಕ ಆಕ್ಸ್ ಫೈಲ್‌ನಿಂದಲೇ ಒಂದು ತೊಂದರೆ ಬರುತ್ತದೆ. ಎಡಿಟರ್‌ನಲ್ಲಿ ಔಟ್‌ಪುಟ್ ಎಲ್ಲಾ 'ಬಿಲ್ಡ್' ಫೋಲ್ಡರ್‌ಗೆ ಹೋಗಲಿ ಅಂತ ಸೆಟ್ ಮಾಡಿದ್ದೀರಿ. ಲೇಟೆಕ್ ಆಗ ಬಿಲ್ಡ್ ಒಳಗೆ 'ಅಧ್ಯಾಯ' ಎಂಬ ಫೋಲ್ಡರ್ ಹುಡುಕುತ್ತದೆ. ಅದಿಲ್ಲದಿದ್ದರೆ ಆಕ್ಸ್ ಬರೆಯಲಾಗದೆ ನಿಲ್ಲುತ್ತದೆ. ಬಿಲ್ಡ್ ಒಳಗೆ ಅದೇ ಹೆಸರಿನ ಖಾಲಿ ಫೋಲ್ಡರ್ ಮಾಡಿಡಿ, ಮುಗಿಯಿತು. ಮೇನ್‌ಗಿಂತ ಮೇಲಿನ ಫೋಲ್ಡರ್‌ನಲ್ಲಿರುವ ಅಧ್ಯಾಯವನ್ನು ಇನ್‌ಕ್ಲೂಡ್ ಮಾಡಿದರೂ ಇದೇ ಗತಿ. ಹೊರಗಿನ ಫೋಲ್ಡರ್‌ಗೆ ಬರೆಯುವುದನ್ನು ಟೆಕ್ (ಲೇಟೆಕ್‌ನ ಒಳಗಿರುವ ಮೂಲ ತಂತ್ರಾಂಶ) ಸುರಕ್ಷತೆಗಾಗಿಯೇ ತಡೆಯುತ್ತದೆ. ಸೆಟ್ಟಿಂಗ್ ಬದಲಿಸುವ ಬದಲು ಫೈಲನ್ನು ಒಳಗೆ ತನ್ನಿ.

ಸಾಲು ಸಂಖ್ಯೆ ಸುಳ್ಳು ಹೇಳುವಾಗ

ನಿಜವಾಗಿ ಸಮಯ ತಿನ್ನುವುದು ಇದು. ವಾಣಿವಿಲಾಸ ಸಾಗರದ ಅಧ್ಯಾಯವನ್ನೇ ನೋಡಿ. ಅಣೆಕಟ್ಟು ಮುಗಿದದ್ದು 1907ರಲ್ಲಿ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ ಅಂತ ಬರೆದು, ಅದಕ್ಕೊಂದು ಅಡಿಟಿಪ್ಪಣಿ ಸೇರಿಸಿದ್ದಾರೆ. 'ಫುಟ್‌ನೋಟ್' ಕಮಾಂಡ್‌ನ ಹೂಬ್ರಾಕೆಟ್ ತೆರೆದರು, ಮುಚ್ಚಲಿಲ್ಲ.

ಎಡಿಟರ್ ಏನು ಹೇಳುತ್ತದೆ? ಮೇನ್ ಫೈಲ್‌ನಲ್ಲಿ, ಆ ಅಧ್ಯಾಯವನ್ನು ಕರೆದ ಸಾಲಿನಲ್ಲಿ ತಪ್ಪಿದೆ ಅನ್ನುತ್ತದೆ. ಸಂದೇಶ 'ಫೈಲ್ ಎಂಡೆಡ್ ವೈಲ್ ಸ್ಕ್ಯಾನಿಂಗ್' ಅಂತ. ಆ ಸಾಲಿನಲ್ಲಿ ತಪ್ಪು ಏನೂ ಇಲ್ಲ. ಆದದ್ದು ಇಷ್ಟು: ಟೆಕ್ ಮುಚ್ಚುವ ಬ್ರಾಕೆಟ್ ಹುಡುಕುತ್ತಾ ಅಧ್ಯಾಯದ ಕೊನೆಯವರೆಗೂ ಎಲ್ಲವನ್ನೂ ಅಡಿಟಿಪ್ಪಣಿ ಅಂದುಕೊಂಡೇ ಓದಿತು. ಫೈಲ್ ಮುಗಿಯಿತು. ಅದನ್ನು ಮುಚ್ಚಿ ಮೇನ್‌ಗೆ ವಾಪಸ್ ಬಂದ ಮೇಲೆ ದೂರು ಹೇಳಿತು. ಅಷ್ಟು ಹೊತ್ತಿಗೆ ಅದು ನಿಂತಿದ್ದದ್ದು ಮೇನ್‌ನಲ್ಲಿ.

ಹಾಗಾಗಿ ಈ ಸಂದೇಶ ಬಂದಾಗ ಸಾಲಿಗೆ ಹೋಗಬೇಡಿ, ಆ ಸಾಲು ಕರೆದ ಫೈಲ್‌ಗೆ ಹೋಗಿ. ಅಲ್ಲಿ ಅರ್ಧದಲ್ಲಿ, ಎರಡು ಪ್ಯಾರಾ ನಡುವೆ 'ಎಂಡ್‌ಇನ್‌ಪುಟ್' ಎಂದು ಒಂದು ಸಾಲು ಬರೆಯಿರಿ. ಅಲ್ಲಿಂದಾಚೆಗೆ ಟೆಕ್ ಓದುವುದಿಲ್ಲ. ದೋಷ ಹೋಯಿತೋ, ತಪ್ಪು ಕೆಳಗಿನ ಅರ್ಧದಲ್ಲಿದೆ. ಹೋಗಲಿಲ್ಲವೋ, ಮೇಲಿನ ಅರ್ಧದಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಎಷ್ಟು ದೊಡ್ಡ ಅಧ್ಯಾಯವಾದರೂ ಸ್ವಲ್ಪ ಹೊತ್ತಿನಲ್ಲಿ ಒಂದು ಪ್ಯಾರಾಕ್ಕೆ ಬಂದು ನಿಲ್ಲುತ್ತೀರಿ. ಸುಮ್ನೆ ಕಣ್ಣಾಡಿಸುವುದಕ್ಕಿಂತ ಇದು ಎಷ್ಟೋ ಬೇಗ.

ಅದೇ ತಪ್ಪು ದಪ್ಪಕ್ಷರ ಮಾಡುವ 'ಟೆಕ್ಸ್ಟ್‌ಬಿಎಫ್' ಕಮಾಂಡ್‌ನಲ್ಲಾದರೆ ಕಥೆ ಬೇರೆ. ಅದು ಪ್ಯಾರಾ ದಾಟುವುದಿಲ್ಲ. ಮುಂದಿನ ಖಾಲಿ ಸಾಲಿಗೇ 'ಪ್ಯಾರಾಗ್ರಾಫ್ ಎಂಡೆಡ್' ಅಂತ ನಿಲ್ಲುತ್ತದೆ, ತಪ್ಪು ಹತ್ತಿರದಲ್ಲೇ ಸಿಗುತ್ತದೆ. ಬ್ರಾಕೆಟ್ ತೆರೆದು ಒಳಗೆ 'ಬಿಎಫ್‌ಸೀರೀಸ್' ಬರೆದು ಮುಚ್ಚದೆ ಬಿಟ್ಟರೆ ದೋಷವೇ ಬರುವುದಿಲ್ಲ. ಅಲ್ಲಿಂದ ಪುಸ್ತಕವೆಲ್ಲಾ ದಪ್ಪಕ್ಷರ! ಲಾಗ್‌ನ ಕೊನೆಯಲ್ಲಿ 'ಎಂಡ್ ಅಕರ್ಡ್ ಇನ್‌ಸೈಡ್ ಎ ಗ್ರೂಪ್' ಎಂಬ ಒಂದು ಸಾಲು ಮಾತ್ರ ಇರುತ್ತದೆ. ಅದರ ಕೆಳಗೆ ಬ್ರಾಕೆಟ್ ತೆರೆದ ಸಾಲಿನ ಸಂಖ್ಯೆ ಇರುತ್ತದೆ, ಯಾವ ಫೈಲ್ ಅನ್ನುವುದು ಇರುವುದಿಲ್ಲ. 45ನೇ ಸಾಲು ಅಂದರೆ ಪ್ರತಿ ಅಧ್ಯಾಯದ 45ನೇ ಸಾಲನ್ನೂ ನೋಡಬೇಕು. ಪಿಡಿಎಫ್‌ನಲ್ಲಿ ದಪ್ಪಕ್ಷರ ಶುರುವಾದ ಅಧ್ಯಾಯದಿಂದ ಶುರು ಮಾಡಿ.

ಎಡಿಟರ್ ತಪ್ಪು ಫೈಲ್ ತೋರಿಸಲು ಇನ್ನೊಂದು ಕಾರಣ ಲಾಗ್‌ನ ಬರವಣಿಗೆಯೇ. ಫೈಲ್ ತೆರೆದಾಗ ಟೆಕ್ ಒಂದು ಆವರಣ ಚಿಹ್ನೆ ತೆರೆದು ಹೆಸರು ಬರೆಯುತ್ತದೆ, ಮುಗಿದಾಗ ಮುಚ್ಚುತ್ತದೆ. ದುರ್ಗದ ಏಳು ಸುತ್ತಿನ ಕೋಟೆಯ ಹಾಗೆ, ಎಷ್ಟು ಬಾಗಿಲು ದಾಟಿ ಒಳಗೆ ಹೋದೆವೋ ಅಷ್ಟನ್ನೇ ದಾಟಿ ಹೊರಗೆ ಬರಬೇಕು. ಎಡಿಟರ್ ಈ ಬಾಗಿಲುಗಳನ್ನು ಎಣಿಸಿ, ಈಗ ಯಾವ ಫೈಲ್‌ನಲ್ಲಿದ್ದೇವೆ ಎಂದು ಊಹಿಸುತ್ತದೆ. ಆದರೆ ಲಾಗ್‌ನ ಸಾಲು 79 ಅಕ್ಷರಕ್ಕೆ ಮುರಿಯುತ್ತದೆ. ಉದ್ದ ದಾರಿಯ ಫೈಲ್ ಹೆಸರು ಎರಡು ತುಂಡಾಗುತ್ತದೆ. ಸಾಲು ಅಂಚು ದಾಟಿದೆ ಎನ್ನುವ 'ಓವರ್‌ಫುಲ್' ಎಚ್ಚರಿಕೆಯ ಜೊತೆ ನಿಮ್ಮ ಪಠ್ಯದ ಆವರಣ ಚಿಹ್ನೆಗಳೂ ಲಾಗ್‌ಗೆ ಬಂದು ಬೀಳುತ್ತವೆ. ಎಣಿಕೆ ತಪ್ಪುತ್ತದೆ.

ಇದಕ್ಕೆ ಎರಡು ಮದ್ದು. ಕಂಪೈಲ್ ಕಮಾಂಡ್‌ಗೆ 'ಫೈಲ್-ಲೈನ್-ಎರರ್' ಆಯ್ಕೆ ಸೇರಿಸಿ. ಆಗ ಪ್ರತಿ ದೋಷದ ಮುಂದೆ ಫೈಲ್ ಹೆಸರು, ಸಾಲು ಸಂಖ್ಯೆ ನೇರವಾಗಿ ಬರುತ್ತದೆ. ಎರಡನೆಯದು 'ಮ್ಯಾಕ್ಸ್_ಪ್ರಿಂಟ್_ಲೈನ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1000 ಕೊಡಿ. ಸಾಲು ಮುರಿಯುವುದು ನಿಲ್ಲುತ್ತದೆ. ಎರಡನ್ನೂ ಮಾಡಿಟ್ಟರೆ ಎಡಿಟರ್‌ನ ಕೆಂಪು ಪಟ್ಟಿಯನ್ನು ಸುಮಾರಾಗಿ ನಂಬಬಹುದು. ಅಡಿಟಿಪ್ಪಣಿಯಂಥ ಪ್ರಕರಣ ಬಿಟ್ಟು.

ಕನ್ನಡಕ್ಕೇ ಸೇರಿದ ತೊಂದರೆಗಳು

ಮೇನ್‌ನಿಂದ ಓಡಿಸಿದರೆ ಚೆನ್ನಾಗಿ ಬರುತ್ತದೆ, ಅಧ್ಯಾಯದಿಂದ ಓಡಿಸಿದರೆ 'ಯೂನಿಕೋಡ್ ಕ್ಯಾರೆಕ್ಟರ್ ನಾಟ್ ಸೆಟ್ ಅಪ್' ಅಂತ ಬರುತ್ತದೆ. ಎಡಿಟರ್ ಮೇನ್‌ಗೆ ಝೀಲೇಟೆಕ್ ಬಳಸುತ್ತಿದೆ, ಅಧ್ಯಾಯಕ್ಕೆ ಪಿಡಿಎಫ್‌ಲೇಟೆಕ್. ಇವು ಲೇಟೆಕ್ ಓಡಿಸುವ ಬೇರೆ ಬೇರೆ ಎಂಜಿನ್‌ಗಳು. ಕನ್ನಡಕ್ಕೆ ಝೀಲೇಟೆಕ್ ಅಥವಾ ಲುವಾಲೇಟೆಕ್ ಬೇಕೇ ಬೇಕು. ರೂಟ್ ಕಾಮೆಂಟ್ ಬರೆದ ಹಾಗೆಯೇ 'ಟೆಕ್ ಪ್ರೋಗ್ರಾಮ್' ಎಂದು ಇನ್ನೊಂದು ಕಾಮೆಂಟ್ ಬರೆದು ಎಂಜಿನ್ ಹೆಸರು ಕೊಡಬಹುದು. ಎಡಿಟರ್‌ನ ಸೆಟ್ಟಿಂಗ್‌ನಲ್ಲೇ ಬದಲಿಸಿದರೂ ಸರಿ.

ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಫಾಂಟ್ ಆಯ್ಕೆಯಲ್ಲಿ 'ಸ್ಕ್ರಿಪ್ಟ್' ಕನ್ನಡ ಎಂದು ಕೊಟ್ಟಿದ್ದೀರಾ ನೋಡಿ. ಲುವಾಲೇಟೆಕ್‌ನಲ್ಲಿ ಅದರ ಜೊತೆಗೆ 'ರೆಂಡರರ್' ಹಾರ್ಫ್‌ಬಝ್ ಎಂದೂ ಕೊಡಬೇಕು. ಅಕ್ಷರವೇ ಮಾಯವಾಗಿ ಖಾಲಿ ಜಾಗ ಉಳಿದರೆ ಫಾಂಟ್‌ನಲ್ಲಿ ಆ ಅಕ್ಷರ ಇಲ್ಲ ಎಂದರ್ಥ. ಲಾಗ್‌ನಲ್ಲಿ 'ಮಿಸ್ಸಿಂಗ್ ಕ್ಯಾರೆಕ್ಟರ್' ಹುಡುಕಿ. ಮೇನ್‌ನಲ್ಲಿ 'ಟ್ರೇಸಿಂಗ್‌ಲಾಸ್ಟ್‌ಚಾರ್ಸ್' ಬೆಲೆಯನ್ನು 3 ಮಾಡಿದರೆ, 2021ರ ಮತ್ತು ಅದರ ನಂತರದ ಟೆಕ್‌ಲೈವ್‌ನಲ್ಲಿ (ಲೇಟೆಕ್ ತಂತ್ರಾಂಶಗಳ ಕಂತೆ) ಇದು ಎಚ್ಚರಿಕೆಯಾಗಿ ಉಳಿಯದೆ ದೋಷವಾಗಿಯೇ ನಿಲ್ಲಿಸುತ್ತದೆ.

ಹಲವರು ಸೇರಿ ಬರೆದ ಪುಸ್ತಕದಲ್ಲಿ ಒಬ್ಬರಾದರೂ ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕೊಡುತ್ತಾರೆ. ಅದು ಯೂನಿಕೋಡ್ ಅಲ್ಲ. ಎಡಿಟರ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಕೊಂಬಿರುವ ಅಕ್ಷರಗಳ ಸಾಲು. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಆದರೆ ಲೇಟೆಕ್ ಕಮಾಂಡ್‌ಗಳನ್ನು ಸೇರಿಸುವ ಮೊದಲೇ ಮಾಡಿ. ಪರಿವರ್ತಕಕ್ಕೆ 'ಸೆಕ್ಷನ್' ಎಂಬುದು ಇಂಗ್ಲಿಷ್ ಪದ ಅಂತ ಗೊತ್ತಿಲ್ಲ, ಅದನ್ನೂ ಕನ್ನಡ ಅಕ್ಷರಗಳ ರಾಶಿ ಮಾಡಿಬಿಡುತ್ತದೆ.

ಇದಕ್ಕಿಂತ ಕಾಣದ ಕಾಟ ಲೇಬಲ್‌ಗಳಲ್ಲಿ, ಅಂದರೆ ಚಿತ್ರ, ಅಧ್ಯಾಯಗಳನ್ನು ಬೇರೆ ಕಡೆಯಿಂದ ಉಲ್ಲೇಖಿಸಲು ಕೊಡುವ ಗುರುತಿನ ಹೆಸರುಗಳಲ್ಲಿ. ಅಕ್ಕ-ತಂಗಿ ಹೊಂಡದ ಚಿತ್ರಕ್ಕೆ ಒಬ್ಬರು 'ಹೊಂಡ' ಎಂದು ಕನ್ನಡದಲ್ಲೇ ಲೇಬಲ್ ಕೊಟ್ಟರು. ಇನ್ನೊಂದು ಅಧ್ಯಾಯದಿಂದ ಬೇರೊಬ್ಬರು ಅದನ್ನು ಕರೆದರು. ಬಂದದ್ದು ಎರಡು ಪ್ರಶ್ನಾರ್ಥಕ ಚಿಹ್ನೆ. ಇಬ್ಬರು ಬರೆದ 'ಹೊಂಡ'ವೂ ಕಣ್ಣಿಗೆ ಒಂದೇ. ಆದರೆ 'ಹೊ' ಅಕ್ಷರದ ಒ-ಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ-ಕಾರ, ಊ-ಕಾರ ಎರಡರ ಜೋಡಿಯಾಗಿಯೂ ಬರೆಯಬಹುದು. ಟೈಪ್ ಮಾಡುವ ತಂತ್ರಾಂಶಕ್ಕೆ ತಕ್ಕಂತೆ ಇದು ಬದಲಾಗುತ್ತದೆ. 'ಫೈಲ್‌ನ' ಅನ್ನುವಂಥ ಪದಗಳ ನಡುವೆ ಕಾಣದ ಜೋಡಣೆ-ತಡೆ ಸಂಕೇತವೂ ಇರುತ್ತದೆ. ಲೇಟೆಕ್ ಹೋಲಿಸುವುದು ಸಂಕೇತಗಳನ್ನು, ರೂಪವನ್ನಲ್ಲ. ಲೇಬಲ್ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲಿ ಇರಲಿ, ಮುಂದೆ ಅಧ್ಯಾಯದ ಹೆಸರು ಸೇರಲಿ. ಪ್ರತಿ ಅಧ್ಯಾಯದಲ್ಲೂ 'ನಕ್ಷೆ' ಎಂಬ ಒಂದೇ ಲೇಬಲ್ ಇದ್ದರೆ 'ಮಲ್ಟಿಪ್ಲೈ ಡಿಫೈನ್ಡ್' ಎಚ್ಚರಿಕೆ ಬರುತ್ತದೆ, ಎಲ್ಲಾ ಉಲ್ಲೇಖಗಳೂ ಕೊನೆಯ ಅಧ್ಯಾಯದ ನಕ್ಷೆಗೇ ಹೋಗುತ್ತವೆ.

ಉಳಿದ ಪ್ರಶ್ನಾರ್ಥಕ ಚಿಹ್ನೆಗಳು

ಲೇಬಲ್ ಸರಿ ಇದ್ದೂ ಚಿಹ್ನೆ ಬಂದರೆ ಇನ್ನೊಮ್ಮೆ ಓಡಿಸಿ. ಲೇಟೆಕ್ ಮೊದಲ ಸಲ ಬರೆದಿಟ್ಟದ್ದನ್ನು ಎರಡನೇ ಸಲ ಓದುತ್ತದೆ. ಎಷ್ಟು ಸಲ ಅಂತ ಲೆಕ್ಕ ಇಡುವ ಬದಲು ಲೇಟೆಕ್‌ಎಂಕೆ ಬಳಸಿ, ಬೇಕಾದಷ್ಟು ಸಲ ಅದೇ ಓಡಿಸುತ್ತದೆ. ಗ್ರಂಥಋಣ ಬರದಿದ್ದರೆ ಅದನ್ನು ತಯಾರಿಸುವ ಬಿಬ್‌ಟೆಕ್ ಅಥವಾ ಬೈಬರ್ ಮೇನ್ ಮೇಲೆ ಓಡಿತೇ, ತೆರೆದಿದ್ದ ಅಧ್ಯಾಯದ ಮೇಲೆ ಓಡಿತೇ ನೋಡಿ. 'ಬಿಬ್‌ಲೇಟೆಕ್' ಪ್ಯಾಕೇಜ್ ಬೈಬರ್ ಕೇಳುತ್ತಿರುವಾಗ ಎಡಿಟರ್ ಬಿಬ್‌ಟೆಕ್ ಓಡಿಸುತ್ತಿರುವುದೂ ಸಾಮಾನ್ಯ. ಕಂಪೈಲ್ ನಡುವೆ ಕರೆಂಟ್ ಹೋಗಿ ಆಕ್ಸ್ ಫೈಲ್ ಅರ್ಧಕ್ಕೆ ನಿಂತಿದ್ದರೆ ಅರ್ಥವಾಗದ ದೋಷಗಳು ಬರುತ್ತವೆ. ಆಕ್ಸ್‌ಗಳನ್ನು ಅಳಿಸಿ ಮತ್ತೆ ಓಡಿಸಿ, 'ಅಧ್ಯಾಯ' ಫೋಲ್ಡರ್‌ನಲ್ಲಿರುವುದನ್ನೂ ಸೇರಿಸಿ. ಮೇನ್‌ನ ಆಕ್ಸ್ ಒಂದನ್ನೇ ಅಳಿಸಿದರೆ ಕೆಟ್ಟದ್ದು ಒಳಗೇ ಉಳಿದಿರಬಹುದು.

ಇಷ್ಟೆಲ್ಲಾ ಆದಮೇಲೂ ಬಗೆಹರಿಯದಿದ್ದರೆ ಎಡಿಟರ್ ಮುಚ್ಚಿ. ಟರ್ಮಿನಲ್ ತೆರೆದು, ಮೇನ್ ಇರುವ ಫೋಲ್ಡರ್‌ಗೆ ಹೋಗಿ, ಲೇಟೆಕ್‌ಎಂಕೆಗೆ ಝೀಲೇಟೆಕ್ ಆಯ್ಕೆ ಕೊಟ್ಟು ಮೇನ್ ಓಡಿಸಿ. ಅಲ್ಲಿ ಬಂದರೆ ತೊಂದರೆ ಎಡಿಟರ್‌ನ ಸೆಟ್ಟಿಂಗ್‌ನಲ್ಲಿದೆ, ನಿಮ್ಮ ಬರಹದಲ್ಲಿಲ್ಲ. ಅಲ್ಲೂ ಬರದಿದ್ದರೆ ಗೊತ್ತಿದ್ದವರನ್ನು ಕೇಳಿ. ಕೇಳುವಾಗ ಕೆಂಪು ಸಾಲಿನ ಫೋಟೋ ತೆಗೆದು ವಾಟ್ಸಾಪ್ ಮಾಡಬೇಡಿ. ಮೇನ್‌ನ ಲಾಗ್ ಫೈಲ್ ಪೂರ್ತಿ, ಮೇನ್ ಫೈಲ್, ಮತ್ತು ಫೋಲ್ಡರ್ ಒಳಗೆ ಏನೇನಿದೆ ಎಂಬ ಪಟ್ಟಿ ಕಳಿಸಿ. ಅಧ್ಯಾಯಗಳನ್ನು ಅವರು ಕೇಳಿದಾಗ ಕೊಟ್ಟರಾಯಿತು.